ಈರಕ್ಕನ ಗಿರಣಿ ಯಾವ ಕಡೆಗೆ

ಬೆಳಿಗ್ಗೆ ಎದ್ದ ಕೂಡಲೇ ನಮ್ಮೂರಿನವರು ನೋಡುತ್ತಿದ್ದದ್ದು ದೇವರ ಪಟವನ್ನಲ್ಲ, ಬಸ್ ನಿಲ್ದಾಣದ ಗೋಡೆಗೆ ಹೊಡೆದಿದ್ದ ಕಪ್ಪು ಹಲಗೆಯನ್ನು. ಅಂದಿನ ಗೆರೆ ಎಲ್ಲೆಲ್ಲಿ ಹಾದಿದೆ ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವನು ನಾನು. ಹದಿನೇಳು ವರ್ಷ ಬರೆದೆ. ಮೂಡಲ ಜಿಲ್ಲೆಗೂ ಪಡುವಲ ಜಿಲ್ಲೆಗೂ ನಡುವಿನ ಗಡಿ ನಮ್ಮೂರಿನ ಮೇಲೇ ಹೋಗುತ್ತದೆ, ಆದರೆ ನಿನ್ನೆ ಹೋದ ದಾರಿಯಲ್ಲಿ ಇವತ್ತು ಹೋಗುತ್ತಿರಲಿಲ್ಲ. ಒಟ್ಟು ನಲವತ್ತೊಂದು ಗಡಿಕಲ್ಲುಗಳು, ಸೊಂಟದೆತ್ತರದವು. ಬೆಳಗಾಗುವಷ್ಟರಲ್ಲಿ ಒಂದೊಂದೂ ಬೇರೆ ಬೇರೆ ಜಾಗದಲ್ಲಿರುತ್ತಿತ್ತು. ಅವು ಸರಿಯುವುದನ್ನು ನೋಡಬೇಕೆಂದು ಕಾದು ಕುಳಿತವರಿದ್ದಾರೆ. ಸರಿಯಾಗಿ ಆ ಗಳಿಗೆಗೆ ಅವರಿಗೆ ಸೀನು ಬರುತ್ತಿತ್ತು, ಇಲ್ಲವೇ ಕಣ್ಣಿಗೆ ಧೂಳು ಬೀಳುತ್ತಿತ್ತು. ಆಮೇಲೆ ಯಾರೂ ಆ ಗೋಜಿಗೆ ಹೋಗಲಿಲ್ಲ.

ಜನ ಒಗ್ಗಿಕೊಂಡಿದ್ದರು. ಹೋಟೆಲ್ಲಿನ ರುದ್ರಾಚಾರಿ ಎರಡು ಜಿಲ್ಲೆಯ ಲೈಸೆನ್ಸುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಚೌಕಟ್ಟಿನಲ್ಲಿ ಕೂರಿಸಿ, ಹಲಗೆ ನೋಡಿ ತಿರುಗಿಸಿ ಹಾಕುತ್ತಿದ್ದ. ಮದುವೆಯ ಕರೆಯೋಲೆಯಲ್ಲಿ ಜಿಲ್ಲೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಹಂಚುವ ದಿನ ಪೆನ್ನಿನಲ್ಲಿ ತುಂಬುತ್ತಿದ್ದರು. ಮೂಡಲ ಜಿಲ್ಲೆಯಲ್ಲಿ ಮಂಗಳವಾರ ಹೆಂಡದಂಗಡಿ ಮುಚ್ಚುತ್ತಿತ್ತು, ಪಡುವಲದಲ್ಲಿ ಶುಕ್ರವಾರ. ಹಾಗಾಗಿ ಕುಡುಕರಷ್ಟು ಶ್ರದ್ಧೆಯಿಂದ ನನ್ನ ಬರಹ ಓದುತ್ತಿದ್ದವರು ಇನ್ನೊಬ್ಬರಿಲ್ಲ. ಕಳ್ಳರೂ ಓದುತ್ತಿದ್ದರು ಅನ್ನಿ. ಯಾವ ಠಾಣೆಯ ಜೀಪು ಕೆಟ್ಟು ನಿಂತಿದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು, ಆ ಕಡೆಗೆ ಬಿದ್ದ ಮನೆ ಯಾವುದು ಎಂದು ನೋಡಿಕೊಂಡರೆ ಸಾಕಿತ್ತು.

ಪೊಲೀಸರ ವಿಷಯ ಹೇಳಲೇಬೇಕು, ನನ್ನ ಸಂಕಟವೆಲ್ಲ ಅಲ್ಲಿಯೇ ಇದೆ. ಮೂಡಲ ಠಾಣೆ ನಮ್ಮೂರಿಂದ ಒಂಬತ್ತು ಮೈಲಿ. ಅದರ ಕೆಳಗೆ ನಲವತ್ತೆರಡು ಹಳ್ಳಿ, ಇರುವವರು ಐದು ಜನ. ಗೋಡೆಯ ಮೇಲಿನ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿನ ಜಾಗಗಳಿವೆ, ಒಂಬತ್ತರ ಮುಂದೆ ‘ಖಾಲಿ’ ಎಂದು ಬಣ್ಣದಲ್ಲಿಯೇ ಬರೆಸಿದ್ದಾರೆ, ಅಳಿಸುವ ಪ್ರಸಂಗ ಬರುವುದಿಲ್ಲವೆಂಬ ನಂಬಿಕೆಯಿಂದ. ಪಡುವಲ ಠಾಣೆ ಹದಿನಾಲ್ಕು ಮೈಲಿ, ಮೂವತ್ತೇಳು ಹಳ್ಳಿ, ಆರು ಜನ, ತಳ್ಳಿದರೆ ಮಾತ್ರ ಹೊರಡುವ ಒಂದು ಜೀಪು. ಹೀಗಿದ್ದಾಗ ಗೆರೆ ಸರಿದು ಒಂದು ಮನೆ, ಒಂದು ಜಗಳ, ಒಂದು ಹೆಣ ಆಚೆ ಹೋಯಿತೆಂದರೆ ಈಚೆಯವರು ನಿಟ್ಟುಸಿರು ಬಿಡುವುದರಲ್ಲಿ ತಪ್ಪೇನಿದೆ? ನಾನೂ ಅವರನ್ನು ಬೈದವನಲ್ಲ. ಹೊಟ್ಟೆಗಿಲ್ಲದವನ ಮನೆಗೆ ನೆಂಟರು ಬಂದರೆ ಅವನು ಬಾಗಿಲ ಸಂದಿಯಲ್ಲಿ ನೋಡುವುದು ಸಹಜ.

ನನ್ನ ಕೆಲಸ ಇಷ್ಟೇ. ಬೆಳಕು ಹರಿದ ಮೇಲೆ ಕಲ್ಲಿನ ಸಾಲು ಹಿಡಿದು ನಡೆಯುವುದು, ಪಂಚಾಯಿತಿ ಕಟ್ಟೆಗೆ ಬಂದು ಗೆರೆಪುಸ್ತಕದಲ್ಲಿ ಬರೆದು ಸಹಿ ಹಾಕುವುದು, ಏಳೂವರೆಗೆ ಎರಡೂ ಠಾಣೆಗೆ ಫೋನು ಮಾಡುವುದು, ಹಲಗೆಗೆ ಇಳಿಸುವುದು. ಪಡುವಲದವರ ಕಾಯಿದೆಯ ಪ್ರಕಾರ ಪುಸ್ತಕದಲ್ಲಿ ಇರುವುದೇ ಗೆರೆ. ಮೂಡಲದವರ ಸುತ್ತೋಲೆಯ ಪ್ರಕಾರ ನೆಲದ ಮೇಲೆ ಕಲ್ಲು ನಿಂತ ಜಾಗವೇ ಗೆರೆ. ಎರಡೂ ಒಂದೇ ಆಗಿರುವಾಗ ಈ ವ್ಯತ್ಯಾಸ ಯಾರಿಗೆ ಬೇಕು? ಬೋರ್ಡು ನೋಡಿದ ಮೇಲೆ ಕಲ್ಲು ನೋಡುವವರು ಊರಲ್ಲಿ ಇರಲಿಲ್ಲ.

ಯಾರೂ ನೋಡುವುದಿಲ್ಲವೆಂದೇ ಕೈಗೆರೆ ಎಂಬ ಪದ್ಧತಿ ಬೆಳೆದಿತ್ತು. ನನ್ನ ಹಿಂದೆ ಈ ಕೆಲಸದಲ್ಲಿದ್ದವನೂ ಮಾಡುತ್ತಿದ್ದ. ಬಸುರಿಗೆ ನೋವು ಬಂದಿದೆ, ಪಡುವಲದ ಆಂಬುಲೆನ್ಸ್ ಬೇಗ ಬರುತ್ತದೆ ಅಂದರೆ ಕಲ್ಲನ್ನು ಪುಸ್ತಕದಲ್ಲಿ ಹತ್ತು ಹೆಜ್ಜೆ ಸರಿಸಿ ಬರೆಯುವುದು. ಮದುವೆ ಮನೆಯ ಎದುರಿನ ಹೆಂಡದಂಗಡಿ ಅವತ್ತೊಂದು ದಿನ ಮುಚ್ಚಿರಲಿ ಅಂದರೆ ಇಪ್ಪತ್ತು ಹೆಜ್ಜೆ. ಕೈಯಲ್ಲಿ ಎಳೆದ ಗೆರೆ, ಕೈಗೆರೆ. ಅದಕ್ಕೆ ನಾನು ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟಿದವನಲ್ಲ. ಜನ ‘ಓಬಳೇಶಪ್ಪನ ಕೈ ಒಳ್ಳೇದು’ ಅನ್ನುತ್ತಿದ್ದರು. ಅದನ್ನು ಕೇಳಿ ಒಳಗೊಳಗೇ ಉಬ್ಬುತ್ತಿದ್ದೆ. ಈಗ ಆ ಕೈಯನ್ನು ನೋಡಿಕೊಂಡರೆ ಅಸಹ್ಯವಾಗುತ್ತದೆ.

ಈರಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಸತ್ತಾಗ ನನಗೆ ಮೂರು. ಗಂಡ ಸಣ್ಣೀರಪ್ಪ ಹೋದ ಮೇಲೆ ಅವನ ಹಿಟ್ಟಿನ ಗಿರಣಿಯನ್ನು ತಾನೇ ನಡೆಸಿಕೊಂಡು ನನ್ನನ್ನು ಓದಿಸಿದಳು, ಈ ಕೆಲಸಕ್ಕೆ ಅರ್ಜಿ ಹಾಕಿಸಿದವಳೂ ಅವಳೇ. ಯಾವಾಗಲೂ ರೆಪ್ಪೆಯ ಮೇಲೆ ಹಿಟ್ಟು ಕೂತಿರುತ್ತಿತ್ತು. ಎಂಟು ವರ್ಷದವನಿದ್ದಾಗ ನನ್ನನ್ನು ಗಿರಣಿಯ ಮುಂದೆ ನಿಲ್ಲಿಸಿ ಹೇಳಿದ್ದಳು, ‘ಮ್ಯಾಲೆ ಕಾಳಿಲ್ದಂಗೆ ಕಲ್ಲು ತಿರುಗ್ಬಾರ್ದು ಕಣೋ. ಕಾಳಿಲ್ದಿದ್ರೆ ಒಂದನ್ನೊಂದು ತಿಂತವೆ. ಆ ಸುಟ್ಟ ವಾಸ್ನೆ ಬಂತು ಅಂದ್ರೆ ಎಲ್ಲಿದ್ರೂ ಓಡಿ ಬಂದು ಸ್ವಿಚ್ಚು ಆರ್ಸು.’

ಗಿರಣಿಯ ಹಿಂದೆ ಮುಕ್ಕಾಲು ಮೈಲಿಗೆ ಬಸವಂತಪ್ಪನ ಕಲ್ಲು ಕ್ವಾರಿ. ಒಂದು ಮಧ್ಯಾಹ್ನ ಅಲ್ಲಿ ಹೊತ್ತಿಗೆ ಮುಂಚೆ ಮದ್ದು ಸಿಡಿದು ಇಬ್ಬರು ಕೂಲಿಯವರು ಕಲ್ಲಿನಡಿ ಸಿಕ್ಕಿದರು. ಒಬ್ಬ ಇನ್ನೂ ಕೈ ಆಡಿಸುತ್ತಿದ್ದನಂತೆ. ಬಸವಂತಪ್ಪ ನಿಂತು ನೋಡಿ, ಆಸ್ಪತ್ರೆ, ಠಾಣೆ ಎಂದೆಲ್ಲ ಯಾಕೆ ಅಂದುಕೊಂಡು, ಜೆಸಿಬಿಯಿಂದ ಮೇಲೆ ಮಣ್ಣು ಎಳೆಸಿದ. ಸೌದೆ ಆಯಲು ಹೋಗಿದ್ದ ಈರಕ್ಕ ಲಂಟಾನದ ಮರೆಯಿಂದ ಅದನ್ನು ನೋಡಿದಳು. ಕೈ ಆಡಿಸುತ್ತಿದ್ದವನು ಮಾದ ಎಂಬ ಆಳು. ಅವತ್ತು ಬೆಳಿಗ್ಗೆ ಅವಳ ಗಿರಣಿಯಲ್ಲಿಯೇ ರಾಗಿ ಬೀಸಲು ಕೊಟ್ಟು, ಸಂಜೆ ಒಯ್ಯುತ್ತೇನೆಂದು ಹೋದವನು. ಅವನ ಚೀಲ ಅಟ್ಟಣಿಗೆಯ ಮೇಲೆಯೇ ಉಳಿಯಿತು. ಅದರ ಮೇಲೆ ಈರಕ್ಕ ಇದ್ದಿಲಿನಲ್ಲಿ ‘ಮಾ’ ಎಂದು ಬರೆದಿದ್ದಳು.

‘ಸುಮ್ನಿರಕ್ಕ, ನಮಗ್ಯಾಕೆ?’ ಎಂದೆ.

‘ಹಿಟ್ಟು ಇನ್ನಾ ಬಿಸಿ ಇತ್ತು ಕಣೋ ಓಬಳೇಶ’ ಎಂದಳು. ‘ಅವ್ನ ಹಿಟ್ಟು ಮುಟ್ಟಿದ್ರೆ ಕೈಗೆ ಬಿಸಿ ತಾಗ್ತಿತ್ತು. ಅವ್ನು ಮಣ್ಣಾಗೆ ಕೈ ಆಡಿಸ್ತಿದ್ದ. ನಾನ್ಹೆಂಗೆ ಸುಮ್ನಿರ್ಲಿ?’

ಅವಳು ದೊಡ್ಡ ಕೋರ್ಟಿಗೆ ಹೋಗಿ ಹೇಳಿದಳು. ಕೇಸಾಯಿತು. ಆ ಕೇಸಿಗೆ ಕಣ್ಣಾರೆ ಕಂಡ ಸಾಕ್ಷಿ ಅವಳೊಬ್ಬಳೇ. ಬಸವಂತಪ್ಪನ ಕಡೆಯವರು ಎರಡು ಸಲ ಬಂದು ಗಿರಣಿಯ ಮುಂದೆ ಜೀಪು ನಿಲ್ಲಿಸಿ, ಏನೂ ಮಾತಾಡದೆ, ಬೀಡಿ ಸೇದಿ ಹೋದರು. ಅವಳು ಹೇಳಿಕೆ ಕೊಡುವ ದಿನದವರೆಗೆ ಹಗಲೆಲ್ಲ ಒಬ್ಬ ಪೊಲೀಸು ಗಿರಣಿಯ ಮುಂದೆ ಇರಬೇಕು, ಕತ್ತಲಾದ ಮೇಲೆ ಅವಳು ತಮ್ಮನ ಮನೆಯಲ್ಲಿರಬೇಕು ಎಂದು ನ್ಯಾಯಾಧೀಶರು ಆಜ್ಞೆ ಮಾಡಿದರು. ಯಾವ ಠಾಣೆಯವರು? ಗಿರಣಿ ಅಂದು ಯಾವ ಕಡೆಗೆ ಬೀಳುತ್ತದೋ ಆ ಠಾಣೆಯವರು. ಹೀಗೆ ನನ್ನ ಅಕ್ಕನ ಜೀವ ನನ್ನ ಸೀಮೆಸುಣ್ಣಕ್ಕೆ ಬಂದು ನಿಂತಿತು. ದಿನಾ ಬೆಳಿಗ್ಗೆ ನನಗೆ ಕಾಫಿ ಕೊಡುತ್ತಾ ಅವಳು ಕೇಳುತ್ತಿದ್ದದ್ದು ಒಂದೇ ಮಾತು, ‘ಇವತ್ತು ನಾನ್ಯಾವ ಕಡೆಗೋ?’

ಪಡುವಲದಿಂದ ಬರುತ್ತಿದ್ದವನು ಹೆಡ್ ಕಾನ್ಸ್‌ಟೇಬಲ್ ಹಾಲಪ್ಪ. ನಿವೃತ್ತಿಗೆ ಹನ್ನೊಂದು ತಿಂಗಳಿದ್ದ ಮನುಷ್ಯ, ಬೆಂಚಿನ ಮೇಲೆ ಕೂತರೆ ಗಿರಣಿಯ ಸದ್ದಿಗೆ ಜೋಗುಳ ಕೇಳಿದಂತೆ ತೂಕಡಿಸುತ್ತಿದ್ದ. ಮೂಡಲದಿಂದ ಬರುತ್ತಿದ್ದವಳು ಜಬೀನಾ, ಕೆಲಸಕ್ಕೆ ಸೇರಿ ಮೂರೇ ತಿಂಗಳು, ಸುತ್ತೋಲೆಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಹುಡುಗಿ. ಅವಳು ಕೂರುತ್ತಲೇ ಇರಲಿಲ್ಲ, ಬಾಗಿಲಲ್ಲಿ ನಿಂತೇ ಇರುತ್ತಿದ್ದಳು. ಈರಕ್ಕ ಅವಳಿಗೆ ರೊಟ್ಟಿ ತಟ್ಟಿ ಕೊಡುವಳು, ‘ಕುಂತ್ಕಳವ್ವ, ಕಳ್ಳ ಬಂದ್ರೆ ಎದ್ದು ನಿಲ್ಲೋಕೆ ಎಷ್ಟೊತ್ತು ಬೇಕು’ ಎಂದು ಗೇಲಿ ಮಾಡುವಳು. ಇಪ್ಪತ್ತು ದಿನ ಹೀಗೇ ನಡೆಯಿತು. ಎಂಟು ಗಂಟೆಗೆ ಯಾರಾದರೊಬ್ಬರು ಬರುತ್ತಿದ್ದರು. ಹೇಳಿಕೆಗೆ ಇನ್ನು ಹನ್ನೆರಡು ದಿನ ಉಳಿದಿತ್ತು.

ಆ ಸಂಜೆ ಹಾಲಪ್ಪ ಹೊರಡುವಾಗ ನನ್ನನ್ನು ಪಂಚಾಯಿತಿ ಕಟ್ಟೆಯ ಹತ್ತಿರ ಹಿಡಿದ. ‘ಓಬಳೇಶಪ್ಪ, ನಾಳೆ ನನ್ ಮಗಳ್ನ ನೋಡಾಕೆ ಗಂಡಿನೋರು ಬತ್ತಾವ್ರೆ. ಇದು ಐದನೇ ಸಂಬಂಧ. ಅಪ್ಪ ಇಲ್ದೆ ಹೆಂಗೆ ಹೆಣ್ಣು ತೋರ್ಸೋದು?’

‘ರಜೆ ಕೇಳ್ಬೇಕಿತ್ತು.’

‘ರಜೆ ಕೇಳಿದ್ರೆ ನಮ್ ಸಾಹೇಬ್ರು ಕ್ಯಾಲೆಂಡ್ರು ತೋರಿಸ್ತಾರೆ, ಬರೋ ವರ್ಷದ್ದು. ಆರು ಜನದಾಗೆ ಇಬ್ರು ಕೋರ್ಟಿಗೆ, ಒಬ್ಬ ಜೀಪಿಗೆ, ಒಬ್ಬಂಗೆ ಕಾಲು ಮುರ್ದೈತೆ. ನಾಳೆ ಗೆರೆ ಎಲ್ಲಿಗನಾ ಬರ್ಲಿ, ಗಿರಣಿ ಮೂಡಲಕ್ಕೆ ಬಂತು ಅಂತ ಬರ್ದುಬಿಡಪ್ಪ. ಆ ಹುಡುಗಿ ಬತ್ತಾಳೆ. ಕಾವಲಿಲ್ದಿದ್ರೆ ನಾನು ಮಧ್ಯಾಹ್ನದ ಮ್ಯಾಲೆ ಠಾಣೆಗೆ ಹೋದ್ರೆ ಸಾಕು. ನನಗಿಂತ ಅವಳೇ ವಾಸಿ ಅಲ್ವಾ? ನೀನೂ ಬಾ ಮನೀಗೆ.’

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ತೂಕಡಿಸುವ ಹಾಲಪ್ಪನಿಗಿಂತ ನಿಂತೇ ಇರುವ ಜಬೀನಾ ಮೇಲು. ಅಕ್ಕನಿಗೂ ಒಳ್ಳೆಯದು, ಒಂದು ಹೆಣ್ಣುಮಗಳ ಮದುವೆಗೂ ಒಳ್ಳೆಯದು. ಹೂಂ ಎಂದೆ. ಬೆಳಿಗ್ಗೆ ಹೋಗಿ ನೋಡಿದರೆ ಇಪ್ಪತ್ತಮೂರನೇ ಕಲ್ಲು ಗಿರಣಿಯಿಂದ ಮೂವತ್ತು ಹೆಜ್ಜೆ ಮೂಡಲಕ್ಕೆ, ಸೊಪ್ಪು ಮಾರುವ ಸಿದ್ದಜ್ಜಿಯ ಬೇಲಿಯ ಪಕ್ಕ ನಿಂತಿತ್ತು. ಅಂದರೆ ಗಿರಣಿ ಪಡುವಲದ ಪಾಲು, ಹಾಲಪ್ಪನ ಸರದಿ. ಪುಸ್ತಕದಲ್ಲಿ ಆ ಕಲ್ಲನ್ನು ಗಿರಣಿಯ ಆಚೆ, ಪಡುವಲ ದಿಕ್ಕಿಗೆ ಬರೆದೆ. ಫೋನು ಮಾಡಿದೆ, ಹಲಗೆಗೆ ಇಳಿಸಿದೆ. ಕಾಫಿ ಕೊಡುತ್ತಾ ಅಕ್ಕ ಕೇಳಿದಳು, ‘ಇವತ್ತು ಯಾವ ಕಡೆಗೋ?’ ‘ಮೂಡಲಕ್ಕಕ್ಕ, ನಿನ್ ಜಬೀನಾ ಬತ್ತಾಳೆ’ ಎಂದೆ. ಅವಳಿಗೆ ಖುಷಿಯಾಯಿತು. ಹುಡುಗಿಗೆ ಬೇಕಾಗುತ್ತದೆಂದು ಹೋಗುವಾಗ ಕಡಲೆಬೀಜದ ಚಟ್ನಿಯ ಡಬ್ಬಿ ಕಟ್ಟಿಕೊಂಡಳು.

ಆಮೇಲೆ ಏನಾಯಿತು ಎಂಬುದನ್ನು ನಾನು ಜಬೀನಾಳಿಂದಲೂ ಸಿದ್ದಜ್ಜಿಯಿಂದಲೂ ಕೇಳಿ ತಿಳಿದಿದ್ದು. ಜಬೀನಾ ಎಂಟಕ್ಕೇ ಬಂದಳು. ಒಂಬತ್ತೂವರೆಗೆ ನೀರು ಕೇಳಲು ಸಿದ್ದಜ್ಜಿಯ ಮನೆಗೆ ಹೋದವಳು ಬೇಲಿಯ ಪಕ್ಕದ ಕಲ್ಲು ಕಂಡಳು. ಹದಿನೇಳು ವರ್ಷದಲ್ಲಿ ಯಾವ ಪೊಲೀಸೂ ಕಲ್ಲು ನೋಡಿರಲಿಲ್ಲ, ಇವಳು ನೋಡಿದಳು. ನೆಲದ ಮೇಲೆ ಕಲ್ಲು ನಿಂತ ಜಾಗವೇ ಗೆರೆ ಎಂದು ಓದಿದವಳಲ್ಲವೇ, ತನ್ನ ಠಾಣೆಗೆ ಫೋನು ಮಾಡಿ ಹೇಳಿದಳು. ಅಂದು ಅಲ್ಲಿ ಮಂತ್ರಿಗಳು ಬರುವವರಿದ್ದರು, ಹೆಲಿಕಾಪ್ಟರು ಇಳಿಯುವ ಬಯಲಿಗೆ ಕಾವಲು ಹಾಕಲು ಜನವಿರಲಿಲ್ಲ. ‘ನಮ್ಮದಲ್ಲದ ಜಾಗದಲ್ಲಿ ಏನ್ ಮಾಡ್ತಿದೀಯಮ್ಮ, ಬೇಗ ಬಾ’ ಎಂದರು ಸಾಹೇಬರು. ಅವಳು ಪಡುವಲ ಠಾಣೆಗೂ ಫೋನು ಮಾಡಿದಳು. ಗಂಟೆ ಹೊಡೆದುಕೊಂಡೇ ಇತ್ತು, ಎತ್ತಲು ಅಲ್ಲಿ ಯಾರೂ ಇರಲಿಲ್ಲ. ಈರಕ್ಕ ಅವಳಿಗೆ ಚಟ್ನಿ ಡಬ್ಬಿ ಕೊಟ್ಟು, ‘ಹೋಗವ್ವ, ಹಾಲಪ್ಪ ಎಲ್ಲೋ ಬಸ್ನಾಗೆ ನಿದ್ದೆ ಹೊಡೀತಾವ್ನೆ, ಬತ್ತಾನೆ’ ಎಂದು ಕಳಿಸಿದಳು. ಹತ್ತು ಗಂಟೆಯ ಬಸ್ಸಿಗೆ ಜಬೀನಾ ಹೋದಳು. ಎತ್ತಿ ಹೇಳುವಂಥ ತಪ್ಪು ಅವಳಲ್ಲಿ ಏನಿತ್ತು? ಆ ದಿನ ಸರಿಯಾದದ್ದನ್ನು ಮಾಡಿದವಳು ಅವಳೊಬ್ಬಳೇ.

ಆ ಹೊತ್ತಿಗೆ ನಾನು ಹಾಲಪ್ಪನ ಮನೆಯ ಜಮಖಾನದ ಮೇಲೆ ಕೂತು ಕೇಸರಿಬಾತು ತಿನ್ನುತ್ತಿದ್ದೆ. ಗಂಡು ಚೆನ್ನಾಗಿದ್ದ, ಹುಡುಗಿ ಚೆನ್ನಾಗಿ ಹಾಡಿದಳು, ಎರಡನೇ ಸಲ ಬಡಿಸಲು ಬಂದಾಗ ಬೇಡವೆನ್ನಲಿಲ್ಲ. ಸಂಬಂಧ ಕುದುರಿತು. ಹಾಲಪ್ಪ ನನ್ನ ಎರಡೂ ಕೈ ಹಿಡಿದು, ‘ನಿನ್ ಕೈ ಒಳ್ಳೇದು’ ಎಂದ.

ಒಂದೂವರೆಗೆ ಬಸ್ಸಿಳಿದಾಗ ವಾಸನೆ ಬಂತು. ಕಲ್ಲು ಕಲ್ಲನ್ನು ತಿನ್ನುವ ವಾಸನೆ. ಎಂಟು ವರ್ಷದವನಿದ್ದಾಗ ಅಕ್ಕ ಹೇಳಿಕೊಟ್ಟದ್ದು ಮೈಯಲ್ಲಿತ್ತು, ಓಡಿದೆ. ಗಿರಣಿ ತಿರುಗುತ್ತಿತ್ತು, ಮೇಲೆ ಒಂದು ಕಾಳಿಲ್ಲ, ಒಳಗೆಲ್ಲ ಹೊಗೆ. ಸ್ವಿಚ್ಚು ಆರಿಸಿದೆ. ಬೆಂಚಿನ ಕೆಳಗೆ ಅಕ್ಕನ ಒಂದು ಚಪ್ಪಲಿ ಇತ್ತು. ಬೆಂಚಿನ ಮೇಲೆ ಪೊಲೀಸರಿಗೆಂದು ಇಡುತ್ತಿದ್ದ ಲೋಟದಲ್ಲಿ ನೀರು ಹಾಗೇ ಇತ್ತು, ಅದರ ಮೇಲೆ ಹಿಟ್ಟಿನ ಪೊರೆ ಕಟ್ಟಿತ್ತು. ಬಾಗಿಲಿನಿಂದ ರಸ್ತೆಯವರೆಗೆ ನೆಲದ ಹಿಟ್ಟಿನಲ್ಲಿ ಎರಡು ಉದ್ದನೆಯ ಗೀರುಗಳಿದ್ದವು. ನಂಬರಿಲ್ಲದ ಜೀಪೊಂದು ಹನ್ನೊಂದಕ್ಕೆ ಬಂದು ಹೋಯಿತೆಂದು ಸಿದ್ದಜ್ಜಿ ಹೇಳಿದಳು. ಗಿರಣಿಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ನಾನು ನೆಲದ ಮೇಲೆ ಕೂತು ಆ ಚಪ್ಪಲಿ ಹಿಡಿದುಕೊಂಡು ಅತ್ತೆ. ಅಳುವುದಕ್ಕೆ ಕಾಲು ಗಂಟೆ ಹಾಳು ಮಾಡಿದೆ.

ಮೂಡಲ ಠಾಣೆಗೆ ಫೋನು ಮಾಡಿದರೆ, ‘ನಮ್ಮ ಹುಡುಗಿ ಕಣ್ಣಾರೆ ಕಲ್ಲು ನೋಡಿ ಬಂದಿದಾಳೆ, ಗಿರಣಿ ಪಡುವಲದ್ದು, ಅಲ್ಲಿ ದೂರು ಕೊಡಿ’ ಎಂದರು. ಪಡುವಲಕ್ಕೆ ಮಾಡಿದರೆ, ‘ನೀವೇ ಬೆಳಿಗ್ಗೆ ಗಿರಣಿ ಮೂಡಲಕ್ಕೆ ಅಂತ ಬರ್ಸಿದೀರಿ, ಪುಸ್ತಕ ಮೀರಿ ನಾವು ಬರೋ ಹಂಗಿಲ್ಲ’ ಎಂದರು. ಇಬ್ಬರ ಮಾತೂ ಕಾಯಿದೆಯ ಮಾತು. ಅತ್ತ ದರಿ, ಇತ್ತ ಪುಲಿ. ಬಸ್ಸು ಹಿಡಿದು ಎರಡೂ ಠಾಣೆಗೆ ಹೋಗಿ ಕಾಲು ಹಿಡಿದೆ. ಯಾರೂ ಗದರಲಿಲ್ಲ, ನೀರು ಕೊಟ್ಟರು, ಕೂರಿಸಿದರು. ಬರೆದುಕೊಳ್ಳಲಿಲ್ಲ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಪುಸ್ತಕದಲ್ಲಿರುವುದು ಸುಳ್ಳು, ನಾನೇ ಬರೆದದ್ದು, ಕಲ್ಲು ನಿಂತಿದ್ದ ಜಾಗವೇ ನಿಜ, ಗಿರಣಿ ಪಡುವಲದ್ದು ಎಂದು. ಆಗಲೇ ಹೇಳಿದ್ದರೆ ಆ ಜೀಪು ಎಷ್ಟು ದೂರ ಹೋಗಿರುತ್ತಿತ್ತು? ಪಡುವಲ ಠಾಣೆಯ ಮೆಟ್ಟಿಲ ಮೇಲೆ ನನ್ನ ಬಾಯಿಗೆ ಬಂದಿತ್ತು. ಹಾಲಪ್ಪ ನನ್ನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋಗಿ ಟೋಪಿ ತೆಗೆದು ಕೈಮುಗಿದ. ‘ಹನ್ನೊಂದು ತಿಂಗ್ಳು ಓಬಳೇಶಪ್ಪ. ಇವತ್ತು ಬೆಳಿಗ್ಗೆ ತಾನೆ ತಾಂಬೂಲ ಬದ್ಲಾಯಿಸೀವಿ. ಕೆಲ್ಸ ಹೋದ್ರೆ ಆ ಹುಡುಗಿ ಗತಿ ಏನು? ಎರಡ್ ದಿನ ತಡಿ. ನಾನೇ ಎಲ್ಲಾ ಕಡೆ ಹುಡುಕ್ಸ್ತೀನಿ, ನನ್ ಮಗಳ ಮ್ಯಾಲಾಣೆ.’ ನಾನು ತಡೆದೆ. ಅವನಿಗಾಗಿ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ನನಗೂ ಹೆದರಿಕೆಯಿತ್ತು. ನನ್ನ ಕೆಲಸ, ನನ್ನ ಒಳ್ಳೆಯ ಕೈ. ನನ್ನನ್ನು ಸಾಕಿದವಳು ಯಾವುದೋ ಗುಂಡಿಯಲ್ಲಿ ಕೈ ಆಡಿಸುತ್ತಿದ್ದಿರಬಹುದು ಎಂದು ಗೊತ್ತಿದ್ದೂ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಮೂರನೇ ದಿನ ಎರಡೂ ಠಾಣೆಯ ಸಾಹೇಬರು ಜಂಟಿ ಸಭೆ ಸೇರಿದರು. ಇಂಥ ಸಭೆ ನಡೆಸುವ ಕ್ರಮವೊಂದಿದೆ. ಅಂದಿನ ಗೆರೆಯ ಮೇಲೆ ಮೇಜು ಹಾಕುತ್ತಾರೆ, ಎರಡು ಕಾಲು ಆ ಜಿಲ್ಲೆಯಲ್ಲಿ, ಎರಡು ಕಾಲು ಈ ಜಿಲ್ಲೆಯಲ್ಲಿ. ಸಾಹೇಬರಿಬ್ಬರೂ ತಮ್ಮ ತಮ್ಮ ಜಿಲ್ಲೆಯಲ್ಲಿಯೇ ಕುರ್ಚಿ ಹಾಕಿಸಿಕೊಂಡು ಎದುರುಬದುರು ಕೂರುತ್ತಾರೆ. ಅವತ್ತು ಗೆರೆ ಸಂತೆಯ ಬಯಲಲ್ಲಿ ಹಾದಿತ್ತು. ಮೇಜಿನ ಮೇಲೆ ಗೆರೆಪುಸ್ತಕ ಇಟ್ಟು ನನ್ನನ್ನು ಕರೆದರು. ಊರಿನ ಅರ್ಧ ಜನ ಸುತ್ತ ನಿಂತಿದ್ದರು.

‘ಆ ದಿನ ಇಪ್ಪತ್ತಮೂರನೇ ಕಲ್ಲು ಎಲ್ಲಿತ್ತು?’ ಎಂದು ಮೂಡಲ ಸಾಹೇಬರು ಕೇಳಿದರು.

‘ಸಿದ್ದಜ್ಜಿ ಬೇಲಿ ಪಕ್ಕ ಇತ್ತು ಸ್ವಾಮಿ. ಪುಸ್ತಕದಲ್ಲಿ ನಾನು ಸುಳ್ಳು ಬರ್ದೆ. ಕೈಗೆರೆ ಹಾಕ್ದೆ’ ಎಂದೆ. ಹಾಲಪ್ಪನ ಹೆಸರು ಎತ್ತಲಿಲ್ಲ. ಸಾಹೇಬರ ಹಿಂದೆ ನಿಂತಿದ್ದ ಅವನು ತಲೆ ತಗ್ಗಿಸಿದ್ದು ಕಂಡಿತು.

ಪಡುವಲ ಸಾಹೇಬರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಹಿಂದಿನ ಹಾಳೆಗಳನ್ನು ಮಗುಚಿದರು. ‘ಇನ್ನೂ ಎಷ್ಟು ದಿನ ಹಿಂಗೆ ಬರ್ದಿದೀಯ?’

‘ಲೆಕ್ಕ ಇಟ್ಟಿಲ್ಲ ಸ್ವಾಮಿ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹದಿನೇಳು ವರ್ಷದ ಕೇಸುಗಳು, ಜೈಲಿನಲ್ಲಿರುವವರು, ಬಿಡುಗಡೆಯಾದವರು, ಎಲ್ಲವೂ ಆ ಪುಸ್ತಕದ ಮೇಲೆ ನಿಂತಿದ್ದವು. ಒಂದು ಹಾಳೆ ಸುಳ್ಳಾದರೆ ಯಾವ ಹಾಳೆ ನಿಜ? ಮೂಡಲ ಸಾಹೇಬರು ತುಂಬ ಮೆತ್ತಗೆ ಹೇಳಿದರು, ‘ಓಬಳೇಶಪ್ಪ, ಅಕ್ಕ ಕಾಣೆಯಾದ ದುಃಖದಲ್ಲಿದೀಯ. ಏನೇನೋ ಮಾತಾಡ್ತಿದೀಯ. ಹೋಗಿ ಮಲಕ್ಕೋ.’

‘ಇಲ್ಲ ಸ್ವಾಮಿ, ನಾನು ಸುಳ್ಳು ಬರ್ದದ್ದು ನಿಜ. ಬೇಕಾದ್ರೆ ನನ್ನ ಒಳಗೆ ಹಾಕಿ. ಅವಳ್ನ ಹುಡುಕ್ಸಿ.’

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೋದವನ ಮಾತು ಯಾರಿಗೆ ಬೇಕು? ಸಾಹೇಬರಿಬ್ಬರೂ ತಲೆ ಹತ್ತಿರ ತಂದು ಕಾಲು ಗಂಟೆ ಪಿಸುಗುಟ್ಟಿದರು. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಒಂದು ನಿರ್ಣಯ ಬರೆದರು. ಸದರಿ ದಿನ ಗೆರೆಯು ಸದರಿ ಗಿರಣಿಯ ಬಾಗಿಲ ನಡುವೆಯೇ ಹಾದಿದ್ದು, ಗಿರಣಿಯು ಅರ್ಧ ಮೂಡಲ, ಅರ್ಧ ಪಡುವಲಕ್ಕೆ ಸೇರಿರುತ್ತದೆ. ಹಾಗಾಗಿ ಪುಸ್ತಕವೂ ತಪ್ಪಲ್ಲ, ಕಲ್ಲು ನೋಡಿದವಳೂ ತಪ್ಪಲ್ಲ. ಅರ್ಧರ್ಧ ಸೇರಿದ ಜಾಗದಲ್ಲಿ ತನಿಖೆ ನಡೆಸಲು ಮೇಲಿನವರ ಅಪ್ಪಣೆ ಬೇಕು, ಅಪ್ಪಣೆ ಬಂದ ಮೇಲೆ ಜಂಟಿಯಾಗಿ ಹುಡುಕತಕ್ಕದ್ದು. ಇಬ್ಬರೂ ಸಹಿ ಹಾಕಿದರು. ಸಾಕ್ಷಿಯಾಗಿ ನನ್ನ ಸಹಿಯನ್ನೂ ಕೇಳಿದರು. ನಾನು ಹಾಕುವುದಿಲ್ಲವೆಂದೆ. ‘ನೀನು ಹಾಕದಿದ್ರೆ ಅಪ್ಪಣೆಗೆ ಬರೆಯೋಕೂ ಆಗಲ್ಲ, ಯೋಚ್ನೆ ಮಾಡು’ ಎಂದರು. ಹಾಕಿದೆ.

ಮಾರನೇ ಬೆಳಿಗ್ಗೆ ಇಪ್ಪತ್ತಮೂರನೇ ಕಲ್ಲು ಗಿರಣಿಯ ಬಾಗಿಲಲ್ಲಿತ್ತು. ಹೊಸ್ತಿಲಿನ ಸರಿಯಾಗಿ ನಡುವೆ, ಒಳಗೆ ಹೋಗಬೇಕೆಂದರೆ ಅದಕ್ಕೆ ಮೈ ಉಜ್ಜಿಕೊಂಡು ಹೋಗಬೇಕು. ಅದರ ಮಾರನೇ ದಿನವೂ ಅಲ್ಲಿಯೇ ಇತ್ತು. ಉಳಿದ ನಲವತ್ತೂ ನಿಂತಲ್ಲಿಯೇ ನಿಂತಿದ್ದವು. ವಾರ ಕಳೆಯಿತು, ಒಂದೂ ಅಲುಗಲಿಲ್ಲ.

ಹೇಳಿಕೆಯ ದಿನ ನಾನು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಜವಾನ ಬಾಗಿಲಿಗೆ ಬಂದು, ‘ಈರಮ್ಮ ಕೋಂ ಸಣ್ಣೀರಪ್ಪ’ ಎಂದು ಮೂರು ಸಲ ಕೂಗಿದ. ಮೂರನೇ ಸಲ ಕೂಗಿದಾಗ ಹೂಂ ಎನ್ನಬೇಕೆನ್ನಿಸಿ ಅರ್ಧ ಎದ್ದೆ. ಬಸವಂತಪ್ಪ ಮುಂದಿನ ಸಾಲಿನಲ್ಲಿ ಅಡಿಕೆ ಅಗಿಯುತ್ತಾ ಕೂತಿದ್ದ. ಸಾಕ್ಷಿ ಇಲ್ಲದ್ದರಿಂದ ಕೇಸು ವಜಾ ಆಯಿತು. ಮೆಟ್ಟಿಲಿಳಿಯುವಾಗ ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ‘ನಿಮ್ಮಕ್ಕ ಸಿಕ್ರೆ ತಿಳ್ಸಪ್ಪ, ನಮಗೂ ಬ್ಯಾಸ್ರ ಐತೆ’ ಎಂದ. ಅವನ ಕೈಯನ್ನು ತೆಗೆದುಹಾಕುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ.

ಒಂದು ಭಾನುವಾರ ಜಬೀನಾ ಯೂನಿಫಾರಂ ಇಲ್ಲದೆ ಬಂದಳು. ತೊಳೆದ ಚಟ್ನಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಅದರ ಪಕ್ಕ ಕೂತಳು. ಅವಳು ಆ ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ನಾನು ಕಲ್ಲು ನೋಡ್ಬಾರ್ದಿತ್ತು ಅಲ್ವಾ ಅಣ್ಣ?’ ಎಂದಳು. ನಾನು ಎಲ್ಲವನ್ನೂ ಹೇಳಿದೆ, ಕೇಸರಿಬಾತಿನವರೆಗೆ. ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ‘ಬಸ್ಸು ಹೊರಟಾಗ ಅಕ್ಕ ಕೈ ಬೀಸಿದ್ರು’ ಎಂದಷ್ಟೇ ಹೇಳಿ ಎದ್ದು ಹೋದಳು.

ಗೆರೆ ನಿಂತದ್ದು ಖಚಿತವಾದ ಮೇಲೆ ಊರಿಗೆ ಹಬ್ಬವೇ ಆಯಿತು. ರುದ್ರಾಚಾರಿ ಎರಡು ಲೈಸೆನ್ಸಿನಲ್ಲಿ ಒಂದನ್ನು ಒಲೆಗೆ ಹಾಕಿ ಎಲ್ಲರಿಗೂ ಬಿಟ್ಟಿ ಟೀ ಕೊಟ್ಟ. ಹೊಲಗಳಿಗೆ ಪಕ್ಕಾ ಪಹಣಿ ಬಂತು. ಆಂಬುಲೆನ್ಸಿನವರು ಜಗಳವಿಲ್ಲದೆ ಬರತೊಡಗಿದರು. ಎರಡೂ ಠಾಣೆಯವರು ಸಂತೆಯ ಬಯಲಲ್ಲಿ ಸಿಮೆಂಟಿನ ಬೋರ್ಡು ನೆಟ್ಟು ಹಾರ ಹಾಕಿದರು. ಹಾಲಪ್ಪನ ಮಗಳ ಮದುವೆಯ ಕರೆಯೋಲೆಯಲ್ಲಿ ಜಿಲ್ಲೆಯ ಹೆಸರು ಅಚ್ಚಿನಲ್ಲಿಯೇ ಇತ್ತು. ನಾನು ಹೋಗಲಿಲ್ಲ. ಅಪ್ಪಣೆಗೆ ಬರೆದು ಹದಿನಾಲ್ಕು ತಿಂಗಳಾಯಿತು. ತಿಂಗಳಿಗೊಮ್ಮೆ ಕೇಳಲು ಹೋಗುತ್ತೇನೆ. ಮೂಡಲದವರು ಪಡುವಲದಿಂದ ಬರಬೇಕೆನ್ನುತ್ತಾರೆ, ಪಡುವಲದವರು ಮೂಡಲದಿಂದ. ಊರಿಗೆಲ್ಲ ಒಂದೊಂದು ಠಾಣೆ ಗೊತ್ತಾಯಿತು, ನಮ್ಮ ಅಕ್ಕನ ಗಿರಣಿಯೊಂದಕ್ಕೆ ಬಿಟ್ಟು.

ನನ್ನ ಕೆಲಸವನ್ನು ಯಾರೂ ತೆಗೆದಿಲ್ಲ. ದಿನಾ ಪುಸ್ತಕದಲ್ಲಿ ‘ಮೇಲಿನಂತೆ’ ಎಂದು ಬರೆದು ಸಹಿ ಹಾಕುತ್ತೇನೆ. ಅದಕ್ಕೂ ಮೊದಲು ಹಾರೆ ಹಿಡಿದು ಗಿರಣಿಗೆ ಹೋಗುತ್ತೇನೆ. ಕಲ್ಲಿನ ಬುಡಕ್ಕೆ ಹಾರೆ ಕೊಟ್ಟು, ಎದೆ ಒತ್ತಿ ಮೀಟುತ್ತೇನೆ. ಒಳಗೆ ಅಟ್ಟಣಿಗೆಯ ಮೇಲೆ ಮಾದನ ಚೀಲ ಹಾಗೇ ಇದೆ, ಹುಳು ಹಿಡಿದು ಅರ್ಧಕ್ಕೆ ಇಳಿದಿದೆ. ಮೊದಮೊದಲು ಜನ ನೋಡಿ ಮರುಗುತ್ತಿದ್ದರು. ಈಗ ಸಿಟ್ಟಾಗುತ್ತಾರೆ. ‘ಲೇ ಓಬಳೇಶಪ್ಪ, ಅದ್ನ ಅಲ್ಲಾಡಿಸ್ಬ್ಯಾಡ ಮಾರಾಯ. ಈಗ ತಾನೆ ಎಲ್ಲಾ ನೆಟ್ಟಗಾಗೈತೆ’ ಎಂದು ರುದ್ರಾಚಾರಿ ಮೊನ್ನೆ ಹಾರೆ ಕಿತ್ತುಕೊಳ್ಳಲು ಬಂದ. ಕೊಡಲಿಲ್ಲ. ಮೂಡಲಕ್ಕೋ ಪಡುವಲಕ್ಕೋ, ಯಾವ ಕಡೆಗಾದರೂ ಸರಿ, ಒಂದೆರಡು ಹೆಜ್ಜೆ ಸರಿದು ಬಾಗಿಲು ಬಿಟ್ಟರೆ ಸಾಕು, ಅವಳನ್ನು ಹುಡುಕುವುದು ಯಾರಾದರೂ ಒಬ್ಬರ ಕೆಲಸವಾಗುತ್ತದೆ. ನಿನ್ನೆ ಹಾರೆಯ ತುದಿ ಮುರಿಯಿತು. ಪಂಚಾಯಿತಿ ಕಟ್ಟೆಗೆ ಹೋಗಿ ‘ಮೇಲಿನಂತೆ’ ಎಂದು ಬರೆದು, ಹಾರೆ ಹದ ಮಾಡಿಸಲು ಕಮ್ಮಾರನ ಹತ್ತಿರ ಕೊಟ್ಟು ಬಂದೆ.